ಕನ್ನಪ್ಪನವರ ಟವಲು

ಬಸ್ಸಿನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವವರನ್ನು ಸಾಗರ ಪೇಟೆಯಲ್ಲಿ ಎಲ್ಲರೂ ಕಂಡಿರುತ್ತಾರೆ. ತಾವು ದುಡಿಯುವ ವಿಡಿಯೋ ಸ್ಟುಡಿಯೋದಲ್ಲಿ ತಮ್ಮದೇ ಕುರ್ಚಿಗೆ ಟವಲು ಹಾಕಿ ಚಹಾಕ್ಕೆ ಹೋಗುವವರೆಂದರೆ ನಾನು ಕಂಡಂತೆ ಕನ್ನಪ್ಪನವರೊಬ್ಬರೇ. ಕೆಂಪಂಚಿನ ಆ ಟವಲು ಕುರ್ಚಿಯ ಮೇಲಿದ್ದರೆ ಎಡಿಟಿಂಗ್ ಅರ್ಧದಲ್ಲಿದೆ, ಕಂಪ್ಯೂಟರನ್ನು ಯಾರೂ ಮುಟ್ಟಕೂಡದು ಎಂದರ್ಥ. ಬಲಗಾಲನ್ನು ತುಸು ಎಳೆದು ನಡೆಯುವ, ಪ್ರತಿ ಮಾತಿಗೂ ಮುನ್ನ 'ತಡಿ, ತಡಿ' ಎನ್ನುವ ಈ ಮಿತಭಾಷಿಯ ಇಪ್ಪತ್ತು ವರ್ಷಗಳ ಏಕೈಕ ಶಾಸನ ಅದು.

ಅದನ್ನು ಮುರಿದ ಕೀರ್ತಿ ನನ್ನದು. ಅದೇ ಸ್ಟುಡಿಯೋದ ತೀರ್ಥಹಳ್ಳಿ ಶಾಖೆಯಲ್ಲಿ ಸಂಬಳಕ್ಕಿರುವ ನಾನು, ಚಿತ್ರಗಳನ್ನು ನೆಟ್ಟಿನಲ್ಲೇ ಇಡುವ ಕ್ಲೌಡ್ ಬಂದರೆ ಎರಡೂ ಊರಿನವರು ಒಂದೇ ಚಿತ್ರವನ್ನು ಒಟ್ಟಿಗೇ ಎಡಿಟ್ ಮಾಡಬಹುದೆಂದು ಮಾಲೀಕರೆದುರು ಭಾಷಣ ಬಿಗಿದಿದ್ದೆ. ಆ ವಿಷಯದಲ್ಲಿ ನನ್ನ ಪಾಂಡಿತ್ಯವೆಲ್ಲ ಎರಡು ವಿಡಿಯೋ ನೋಡಿ ಗಳಿಸಿದ್ದು. ಕನ್ನಪ್ಪನವರು ಕೇಳಿದ್ದು ಒಂದೇ: "ತಡಿ, ತಡಿ. ಅದ್ರಲ್ಲಿ ಟವಲ್ ಎಲ್ಲಿ ಹಾಕೋದು ಮಾರಾಯಾ?"

ನಾನು ನಕ್ಕೆ. ಮಾಲೀಕರು ಒಪ್ಪಿ ಕ್ಲೌಡ್ ಹಾಕಿಸಿದರು.

ಹೊಸನಗರದ ಶಾಂತಮ್ಮ ಎಂಬ ಸೋಬಾನೆ ಹಾಡುಗಾರ್ತಿಯ ಕುರಿತ ಚಿತ್ರವನ್ನು, ಸಂಜೆ ನಾಲ್ಕಕ್ಕೆ ಆಕೆಯೇ ಸಾಗರಕ್ಕೆ ಬಂದು ನೋಡಿ ಒಪ್ಪಬೇಕಿದ್ದ ದಿನ ಅದು. ಬೆಳಿಗ್ಗೆಯೇ ಸಾಗರದಲ್ಲಿ ನೆಟ್ ಹೋಗಿತ್ತು. ಅದರ ಗೊಡವೆಯಿಲ್ಲದೆ ಕನ್ನಪ್ಪನವರು ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲೇ ಕೆಲಸ ನಡೆಸಿದ್ದರು. ನನ್ನ ಪರದೆಯಲ್ಲಿ ಅವರ ಹೆಸರು ಕಾಣದ್ದರಿಂದ ಸೀಟು ಖಾಲಿಯೆಂದು ಅದೇ ಚಿತ್ರ ತೆರೆದು ನಾನೂ ಕೂತೆ. ಹಾಡಿನ ನಡುವೆ ಶಾಂತಮ್ಮ ಹನ್ನೊಂದು ಸೆಕೆಂಡು ಸುಮ್ಮನಾದದ್ದನ್ನು ಮರೆವೆಂದು ಬಗೆದು ಕತ್ತರಿಸಿದೆ. ಮಧ್ಯಾಹ್ನ ನೆಟ್ ಮರಳಿದಾಗ ತಂತ್ರಾಂಶ ಕೇಳಿತು: ಎರಡು ಪ್ರತಿಗಳಿವೆ, ಯಾವುದನ್ನು ಉಳಿಸಲಿ? ಸ್ವಾಭಿಮಾನಿಯಾದ ನಾನು 'ನನ್ನದು' ಎಂದು ಒತ್ತಿದೆ. ಕನ್ನಪ್ಪನವರ ಬೆಳಗಿನ ದುಡಿಮೆ ಅವರ ಕಣ್ಣೆದುರೇ ಅಳಿಸಿಹೋಯಿತು.

ಅವರ ಫೋನು ಬಂದಾಗ ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತೆ. "ತಡಿ, ತಡಿ. ಇನ್ನು ನಾಲ್ಕು ಗಂಟೆವರೆಗೂ ನೀ ಎಂತದ್ದೂ ಮುಟ್ಬೇಡ. ಅಷ್ಟು ಉಪಕಾರ ಮಾಡು," ಎಂದು ಇಟ್ಟರು. ಊಟ ಬಿಟ್ಟು, ಒಂದೊಂದು ತುಂಡನ್ನೂ ನೆನಪಿನಿಂದಲೇ ಮತ್ತೆ ಜೋಡಿಸಿದರು, ಹನ್ನೊಂದು ಸೆಕೆಂಡನ್ನೂ.

ನಾಲ್ಕಕ್ಕೆ ಬಂದು ನೋಡುತ್ತ ಕೂತಿದ್ದ ಶಾಂತಮ್ಮ ಆ ಜಾಗ ಬಂದಾಗ ಸೆರಗನ್ನು ಬಾಯಿಗೊತ್ತಿಕೊಂಡರಂತೆ. "ಇದ್ನ ಕತ್ತರಿಸ್ಲಿಲ್ಲಲ್ರಾ ನೀವು! ಅದು ನಮ್ಮಕ್ಕ ಹೇಳ್ತಿದ್ದ ಸಾಲಿನ ಜಾಗ. ಅವಳು ಹೋದ್ಮೇಲೂ ಅಲ್ಲೊಂಚೂರು ಕಾಯ್ತೀನಿ ನಾನು."

ಈಗ ಚಿತ್ರ ತೆರೆಯುವ ಮುನ್ನ ನಾವು ಪರಸ್ಪರ ಫೋನಾಯಿಸಿ 'ಟವಲ್ ಹಾಕ್ದೆ' ಎನ್ನುತ್ತೇವೆ. ಕತ್ತರಿಸುವುದನ್ನೇ ಕಸುಬಾಗಿಸಿಕೊಂಡ ಕನ್ನಪ್ಪನವರಂಥವರಿಗೆ ಎಲ್ಲಿ ಕತ್ತರಿಸಬಾರದೆಂಬುದೇ ವಿದ್ಯೆ. ಖಾಲಿಯೆಂದು ಕಂಡಲ್ಲಿ ಯಾರೋ ಕೂತಿರಬಹುದೆಂದು ಅವರು ಗಳಿಗೆ ಹೊತ್ತು ತಡೆಯುತ್ತಾರೆ, ನಮ್ಮಂಥವರು ಕೂತೇಬಿಡುತ್ತೇವೆ.