ಕಂಬಿ ಬಿಟ್ಟ ಸೊಸೆ

ಬೇಕರಿಮನೆಯ ಸೊಸೆ ನಲವತ್ತು ದಾಟಿದ ಮೇಲೆ ಬ್ಯಾಲೆ ಕಲಿಯಲು ಹೊರಟಾಗ ನಕ್ಕವರೇ ಹೆಚ್ಚು. ಗೋಡೆಗುಂಟ ಹಾಕಿದ ಮರದ ಕಂಬಿಗೆ ಅಲ್ಲಿ ‘ಬಾರ್’ ಎನ್ನುತ್ತಾರೆಂದು ತಿಳಿದ ದಿನದಿಂದ ಗಂಡನನ್ನಂತೂ ಹಿಡಿಯುವವರೇ ಇರಲಿಲ್ಲ. “ನಮ್ಮನೆಯೋಳು ಬಾರ್‌ಗೆ ಹೋಗಿದ್ದಾಳೆ, ಬ್ರೆಡ್ ನಾನೇ ಕೊಡ್ತೀನಿ” ಎಂದು ಗಿರಾಕಿಗಳೆದುರು ಹಲ್ಲು ಕಿರಿಯುತ್ತಿದ್ದ. ಅವಳ ಪರ ನಿಂತವರು ಅತ್ತೆ ಒಬ್ಬರೇ. “ಇಡೀ ದಿನ ಒಲೆ ಮುಂದೆ ನಿಲ್ಲೋ ಕಾಲು ಕಣೋ ಅದು. ಒಂದಿಷ್ಟು ಕುಣೀಲಿ ಬಿಡು” ಎಂದು ಮಗನ ಬಾಯಿ ಮುಚ್ಚಿಸಿದ್ದರು.

ಕೆಲವು ವರ್ಷ ಮೆತ್ತನೆಯ ಶೂನಲ್ಲೇ ಕಲಿತ ಮೇಲೆ, ತುದಿ ಗಟ್ಟಿಯಿರುವ ಪಾಯಿಂಟ್ ಶೂ ಅವಳ ಕಾಲಿಗೆ ಬಂತು. ಅದಕ್ಕೆ ರಿಬ್ಬನ್ ಹೊಲಿದುಕೊಟ್ಟವರೂ ಅತ್ತೆಯೇ. ಕಂಬಿ ಹಿಡಿದರೆ ಸೊಸೆ ಬೆರಳ ತುದಿಯ ಮೇಲೆ ಸಲೀಸಾಗಿ ಏಳುತ್ತಿದ್ದಳು, ಇಳಿಯುತ್ತಿದ್ದಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಕೋಣೆಯ ನಡುವಿಗೆ ಹೋದರೂ ಇವಳು ಮಾತ್ರ ಗೋಡೆ ಬಿಡಲೊಲ್ಲಳು. ಒಂದು ದಿನ ರಿಬ್ಬನ್ ಸಡಿಲ, ಇನ್ನೊಂದು ದಿನ ಹೆಬ್ಬೆರಳಲ್ಲಿ ಗುಳ್ಳೆ.

ಆ ಶನಿವಾರ ಬೆಳಿಗ್ಗೆ ಟೀಚರ್ ನೆಪ ಹೇಳಲು ಬಿಡಲಿಲ್ಲ. “ಬನ್ನಿ ಮಧ್ಯಕ್ಕೆ. ಎರಡೂ ಕಾಲ ಮೇಲೆ ಏಳೋದು, ಇಳಿಯೋದು. ಅಷ್ಟೇ.”

ಜಾರದಿರಲೆಂದು ಮೂಲೆಯ ಪೆಟ್ಟಿಗೆಯಲ್ಲಿದ್ದ ರಾಳದ ಪುಡಿಗೆ ಶೂ ತಿಕ್ಕಿ, ಸೊಸೆ ಹೋಗಿ ನಿಂತಳು. ಎಡಗೈಗೆ ಏನೂ ಸಿಗದೆ ಅದು ಯಾರದೋ ಕೈಯಂತೆ ಜೋತಾಡುತ್ತಿತ್ತು. ಜೊತೆಗೆ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ ಅತ್ತೆ ಎದುರುಗೋಡೆಯ ಕನ್ನಡಿಯಲ್ಲಿ ಕಂಡರು. ಪಿಯಾನೋ ಶುರುವಾಯಿತು. ಎದ್ದಳು. ಎದ್ದ ರಭಸಕ್ಕೆ ಮೈ ಹಿಂದಕ್ಕೆ ವಾಲಿ, ಕೈ ಗಾಳಿಯಲ್ಲಿ ಕಂಬಿ ಹುಡುಕಾಡಿ, ಧೊಪ್ಪೆಂದು ನೆಲಕ್ಕೆ ಕುಕ್ಕರಿಸಿದಳು.

ಪಿಯಾನೋ ನಿಂತಿತು.

“ಪೆಟ್ಟಾಯ್ತಾ?” ಟೀಚರ್ ಓಡಿಬಂದರು.

“ಮಾನಕ್ಕೆ ಮಾತ್ರ” ಎಂದಳು ಸೊಸೆ. ಅತ್ತೆ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಕೋಣೆಯೇ ನಕ್ಕಿತು. ಅವಳಿಗೂ ನಗು ತಡೆಯಲಾಗಲಿಲ್ಲ.

“ಇಷ್ಟು ದಿನ ನಿಮ್ಮ ಅರ್ಧ ಭಾರ ಆ ಕಂಬಿ ಹೊರ್ತಿತ್ತು” ಎಂದರು ಟೀಚರ್, ಕೈಕೊಟ್ಟು ಎಬ್ಬಿಸುತ್ತ. “ಹೊಟ್ಟೆ ಬಿಗಿ ಮಾಡಿ, ನೆತ್ತಿಯಿಂದ ಮೇಲಕ್ಕೆ ಬೆಳೀರಿ. ಕಾಲು ನೋಡ್ಬೇಡಿ.”

ಅತ್ತೆಗೆ ಸುಮ್ಮನಿರಲಾಗಲಿಲ್ಲ. “ಅಲ್ಲ ಕಣೇ, ಮೂರಂತಸ್ತಿನ ಕೇಕು ಹೊತ್ಕೊಂಡು ಬರ್ತೀಯಲ್ಲ, ಆಗೇನು ಗೋಡೆ ಹಿಡ್ಕೊಂಡು ಬರ್ತೀಯಾ?”

ಮಾತು ಎಲ್ಲೋ ತಾಗಿತು. ಸೊಸೆ ತೋಳುಗಳನ್ನು ಎದೆಯ ಮುಂದೆ ದುಂಡಗೆ ತಂದು, ದೊಡ್ಡ ತಟ್ಟೆಯೊಂದನ್ನು ಹೊತ್ತವಳಂತೆ ಉಸಿರು ಹಿಡಿದು, ನಿಧಾನವಾಗಿ ಎದ್ದಳು. ಕಣಕಾಲು ಗಡಗಡ ನಡುಗಿತು, ಆದರೆ ನಿಂತಿತು. ಸದ್ದಾಗದಂತೆ ಇಳಿದಳು. ಮತ್ತೆ ಎದ್ದಳು. ಒಮ್ಮೆ ಬಲಕ್ಕೆ ವಾಲಿದರೂ ಯಾರ ಹಂಗಿಲ್ಲದೆ ತಾನೇ ಸರಿಪಡಿಸಿಕೊಂಡಳು. ಕೊನೆಗೆ ಟೀಚರ್, ಬೆರಳ ತುದಿಯ ಮೇಲೇ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಕಿಟಕಿಯವರೆಗೆ ಹೋಗಲು ಹೇಳಿದರು. ಹೋದಳು. ಅಲ್ಲಿ ನಿಲ್ಲುವುದು ಹೇಗೆಂದು ಗೊತ್ತಾಗದೆ ಪರದೆಗೆ ಮುಖ ತಾಗಿಸಿ ನಿಂತಳು.

ಬೆಂಚಿನಲ್ಲಿ ಕೂತು ಶೂ ಬಿಚ್ಚಿದಾಗ ಬೆರಳುಗಳು ಕೆಂಡದಂತಿದ್ದವು.

“ಹೇಗಿತ್ತೇ?” ಅತ್ತೆ ಕೇಳಿದರು.

“ಅಲ್ಲಿ ಮೇಲಿಂದ ನೋಡಿದ್ರೆ ನೀವು ತುಂಬ ಕುಳ್ಳಗೆ ಕಾಣ್ತೀರಿ ಅತ್ತೆ.”

“ಕೆಳಗಿಂದ ನೋಡಿದ್ರೂ ಅಷ್ಟೇ. ನಡಿ, ಹೊಟ್ಟೆ ತಾಳ ಹಾಕ್ತಿದೆ.”

ಸೊಸೆ ಕುಂಟುತ್ತಲೇ ಹಿಂಬಾಲಿಸಿದಳು, ಬೀದಿಯುದ್ದಕ್ಕೂ ಒಬ್ಬಳೇ ನಗುತ್ತ.