ಎರಡನೇ ಗೆರೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರೋದು, ಬೀದಿಗೆಲ್ಲ ಗೊತ್ತು. ಸೊಸೆಯ ಮೇಲೆ ಮಾತ್ರ ಅದು ಬರುತ್ತಿರಲಿಲ್ಲ. ಅಂಡಾಶಯದಲ್ಲಿ ನೀರುಗುಳ್ಳೆ, ಹಾರ್ಮೋನು ಏರುಪೇರು. ಎರಡೆರಡು ತಿಂಗಳು ಅವಳು ಮುಟ್ಟಾಗುತ್ತಿರಲಿಲ್ಲ.

ಮುಟ್ಟು ಬರಿಸೋ ಕಷಾಯ ಕೊಟ್ಟ ಆಯುರ್ವೇದದ ಡಾಕ್ಟರಮ್ಮ, "ತಡವಾದಾಗ ಮೊದಲು ಬಸಿರಿನ ಪರೀಕ್ಷೆ ಮಾಡ್ಕೊಳ್ಳಿ. ಬಸಿರಿದ್ದರೆ ಇದು ಒಂದು ಗುಟುಕೂ ಕೂಡದು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಹಾಗೇ ಮಾಡುತ್ತಿದ್ದೆವು. ಪ್ರತಿ ಸಲವೂ ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ. ಬಸಿರಾಗಿದ್ದರೆ ಎರಡು ಮೂಡಬೇಕು. ಅವಳು ಬಚ್ಚಲುಮನೆಯ ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಅಳುತ್ತಿದ್ದಳು. ನಾನು ಕಷಾಯದ ಲೋಟ ಹಿಡಿದು ಹೊರಗೆ ನಿಂತಿರುತ್ತಿದ್ದೆ.

ಹನ್ನೆರಡನೇ ಸಲ ನನ್ನ ಕೈಲಿ ತಡೆಯಲಾಗಲಿಲ್ಲ. ಪಟ್ಟಿಯ ಪೊಟ್ಟಣವನ್ನು ನನ್ನ ಬಟ್ಟೆಗಳ ಅಡಿ ಬಚ್ಚಿಟ್ಟೆ. "ಹಾಳಾಗಿ ಹೋಗಲಿ ಆ ಪರೀಕ್ಷೆ! ಸುಮ್ಮನೆ ಕುಡಿ ಮಗಳೇ" ಎಂದೆ. ಕುಡಿದಳು.

ಐದನೇ ದಿನ ನಗುತ್ತಾ ಬಂದು, "ಅತ್ತೆ, ನಿಮ್ಮ ಕಷಾಯ ಕೆಲಸ ಮಾಡ್ತು!" ಎಂದಳು.

ಆದರೆ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಎರಡು ತಿಂಗಳ ಬಸಿರು ಇಳಿದುಹೋಗಿದೆ ಎಂದರು. ಕಷಾಯದಿಂದಲೇ ಆಯಿತಾ ಎಂದು ಕೇಳಿದೆ. "ಹೇಳೋಕಾಗಲ್ಲಮ್ಮ. ತಾನಾಗೇ ಹೋಗೋದೂ ಉಂಟು. ಮೈಗೆ ಇನ್ನೂ ಗೊತ್ತಾಗಿಲ್ಲ, ಕೆಲವು ದಿನ ಪರೀಕ್ಷೆಯಲ್ಲಿ ಬಸಿರು ಅಂತಲೇ ಬರುತ್ತೆ" ಎಂದರು ಡಾಕ್ಟರು.

ಮನೆಗೆ ಬಂದ ಸೊಸೆ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಬದುಕಿಕೊಳ್ಳುತ್ತಿದ್ದೆ. "ಆ ಪೊಟ್ಟಣ ಕೊಡಿ ಅತ್ತೆ, ಒಂದು ಸಲ ನೋಡಬೇಕು" ಎಂದಳು.

ಕೊಟ್ಟೆ. ಎರಡು ಗೆರೆ ಮೂಡಿದವು.

ಅವತ್ತು ಅವಳು ನಲ್ಲಿ ತಿರುಗಿಸಲಿಲ್ಲ.