ಭಟ್ಟಿಯ ಮುಂದಿನ ಸಾಲು

ಹೂವಿನಹಡಗಲಿಯ ಹೊರವಲಯದಲ್ಲಿ ಶಿವಶಂಕರನು ಸ್ಪಿನೆಲ್ ಇಟ್ಟಿಗೆಗಳನ್ನು ಸುಡುವ ಭಟ್ಟಿಯನ್ನು ಕಟ್ಟಿಸಿದ್ದು ೨೦೦೩ರಲ್ಲಿ. ಮೆಗ್ನೀಷಿಯಾ, ಅಲ್ಯೂಮಿನಾ ಎಂಬ ಎರಡು ಬಿಳಿಯ ಪುಡಿಗಳು ಪ್ರಚಂಡವಾದ ಉರಿಯಲ್ಲಿ ಕರಗದೆಯೇ ಕೂಡಿಕೊಂಡು ಕಲ್ಲಾಗುವುದೇ ಸ್ಪಿನೆಲ್. ಕುದಿವ ಉಕ್ಕನ್ನು ಹೊರುವ ಪಾತ್ರೆಗಳ ಒಳಮೈಗೆ ಈ ಇಟ್ಟಿಗೆಗಳನ್ನು ಹೊದಿಸುತ್ತಾರೆ. ಇಂಥ ಸಹನಶೀಲ ವಸ್ತುವಿಗೂ ಒಂದು ವೈರಿಯುಂಟು, ಅದು ಸುಣ್ಣ. ಸುಣ್ಣ ಸೋಂಕಿದ ಕಡೆ ಇಟ್ಟಿಗೆ ಗಾಜಿನಂತೆ ಕರಗಿ ಹರಿಯುತ್ತದೆ.

ಉಕ್ಕಿನ ಕಾರ್ಖಾನೆಯೊಂದಕ್ಕೆ ಪರೀಕ್ಷೆಗೆಂದು ಕಳುಹಿಸಬೇಕಾದ ಮೊದಲ ಮಾಲು ಸುಟ್ಟು ಭಟ್ಟಿಯ ಬಾಗಿಲು ತೆರೆದ ಬೆಳಿಗ್ಗೆ, ಮುಂದಿನ ಸಾಲಿನ ಇಟ್ಟಿಗೆಗಳ ಮೇಲೆಲ್ಲ ಕಂದುಬಣ್ಣದ ಗಾಜು ಇಳಿದಿತ್ತು.

ಎಲ್ಲರ ಕಣ್ಣು ಎರ್ರೆಮ್ಮನ ಕಡೆ ಹೊರಳಿತು. ಪುಡಿಗಳನ್ನು ತೂಗಿ ಬೆರೆಸುವವಳು ಅವಳೇ. ಎಲೆ ಅಡಿಕೆ ಸುಣ್ಣವಿಲ್ಲದೆ ಅವಳ ದಿನ ಸಾಗದು.

"ಎರ್ರೆವ್ವ, ಬಾಯಾಗ ಎಲಿ ಇಟಗೊಂಡು ಬೆರಕಿಗಿ ಕೈ ಹಾಕಿದ್ಯೇನ?" ಎಂದು ಕೇಳಿದವನು ಭಟ್ಟಿ ಉರಿಸುವ ಪಂಚಾಕ್ಷರಪ್ಪ, ನಿತ್ಯ ಲಿಂಗಪೂಜೆಯಿಲ್ಲದೆ ನೀರೂ ಮುಟ್ಟದವನು.

"ಹೊರಗ ಉಗುಳಿ, ಕೈ ತೊಳಕಂಡ ಒಳಗ ಹೋಗ್ತೀನ್ರಿ. ನೀವ ನೋಡೀರಲ್ಲ."

"ನೋಡೀನಿ, ನೋಡೀನಿ. ನಿನ್ನ ಕೆಂಪು ತುಟಿ ನೋಡಿದ್ರ ಹೊತ್ತು ಮುಳುಗಾಕ ಹತ್ತೈತಿ ಅನಸ್ತೈತಿ."

ಸುತ್ತಲಿನವರು ನಕ್ಕರು. ಎರ್ರೆಮ್ಮ ನಗಲಿಲ್ಲ. ಮೊದಲು ಮಾಗಳವೆಂಬ ಹಳ್ಳಿಯಲ್ಲಿ ಪರರ ತೋಟದ ಮಲ್ಲಿಗೆಯನ್ನು ನಸುಕಿಗೆದ್ದು ಬಿಡಿಸುತ್ತ ಅವಳ ಬೆನ್ನು ಬಾಗಿತ್ತು. ಇಲ್ಲಿ ಅವಳು ತಕ್ಕಡಿಯ ಮುಂದೆ ನೆಟ್ಟಗೆ ನಿಲ್ಲುತ್ತಿದ್ದಳು.

ಶಿವಶಂಕರನು ದನಿಯೇರಿಸದೆ ಹೇಳಿದ: "ಇದು ನಿನ್ನ ಕೈಯಿಂದ ಆಗಿದ್ರ ನಿನ್ನನ್ನ ಇಟ್ಕಳಾಕ ಆಗಂಗಿಲ್ಲವ್ವ. ಭಟ್ಟಿ ಮಾಲು ಪೂರ್ತಿ ಇಳೀಲಿ, ನೋಡೋಣು."

ಪಂಚಾಕ್ಷರಪ್ಪನು ಒಬ್ಬನೇ ಒಳಹೊಕ್ಕು ಇಟ್ಟಿಗೆಗಳನ್ನು ಇಳಿಸತೊಡಗಿದ. ಹಿಂದಿನ ಸಾಲುಗಳು ಹಾಲಿನಂತೆ ನಿರ್ಮಲವಾಗಿದ್ದವು. ಮುಂದಿನ ಸಾಲಿನ ಕೆಳಮೂಲೆಯಲ್ಲಿ, ಜ್ವಾಲೆ ಅಷ್ಟಾಗಿ ತಾಗದೆಡೆ, ಒಂದು ಇಟ್ಟಿಗೆ ಅವನ ಕೈಗೆ ಬಂತು. ಅದರ ಮೇಲಿನ ಗಾಜು ಹರಿದಿರಲಿಲ್ಲ. ಒಂದರ ಕೆಳಗೊಂದು, ಮೂರು ಗೆರೆಗಳು.

ಬಾಗಿಲು ಮುಚ್ಚುವ ಮುನ್ನ, ಮೊದಲ ಮಾಲು ಶುಭವಾಗಲೆಂದು, ವಿಭೂತಿಗಟ್ಟಿಯನ್ನು ನೆನೆಸಿ ಮುಂದಿನ ಸಾಲಿಗೆಲ್ಲ ತ್ರಿಪುಂಡ್ರವಿಟ್ಟವನು ತಾನೇ. ಭಸ್ಮದಲ್ಲಿಯೂ ಸುಣ್ಣದ ಅಂಶವುಂಟೆಂಬುದು ಆಗ ಅವನಿಗೆ ಹೊಳೆದಿರಲಿಲ್ಲ. ಅಗ್ನಿದೇವನು ಭಸ್ಮ ಹಚ್ಚಿದವನ ಭಕ್ತಿಯನ್ನು ವಿಚಾರಿಸುವುದಿಲ್ಲ. ಹಚ್ಚಿದ ದ್ರವ್ಯವನ್ನಷ್ಟೇ ಬಲ್ಲ.

ಒಡೆದ ಚೂರುಗಳ ರಾಶಿ ಪಕ್ಕದಲ್ಲೇ ಇತ್ತು. ಅದರೊಳಗೆ ಎಸೆದರೆ ಕೇಳುವವರಿರಲಿಲ್ಲ. ಅವನು ಇಟ್ಟಿಗೆಯನ್ನು ಕೈಯಲ್ಲೇ ಹಿಡಿದು ರಾಶಿಯನ್ನು ದಾಟಿದ. ಬಳಿಕ ಹೊರಬಂದು, ಅದನ್ನು ಶಿವಶಂಕರನ ಮುಂದಿಟ್ಟು, ಗೆರೆಗಳ ಮೇಲೆ ತನ್ನ ಮೂರು ಬೆರಳುಗಳನ್ನೂರಿದ. ಸರಿಯಾಗಿ ಹೊಂದಿದವು.

"ಸಾವ್ಕಾರ್ರ, ಇದು ಆಕಿ ಕೈ ಅಲ್ಲ. ನಂದು."

"ವಿಭೂತಿ ಏನ್ರಿ?"

"ಹ್ಞೂಂ. ಚಲೋ ಆಗ್ಲಿ ಅಂತ ಹಚ್ಚಿದ್ನಿ."

ಶಿವಶಂಕರನು ಸುತ್ತಿಗೆಯಿಂದ ಆ ಇಟ್ಟಿಗೆಯನ್ನು ಒಡೆದು ನೋಡಿದ. ಕಲೆ ತೊಗಲಿನಷ್ಟೇ ಆಳ, ಒಳಗೆಲ್ಲ ಸ್ವಚ್ಛ.

"ಬೆರಕಿ ಚೊಕ್ಕ ಐತಿ. ಹಿಂದಿನ ಸಾಲು ಪರೀಕ್ಷಿಗಿ ಕಳಿಸೋಣು. ಎರ್ರೆವ್ವ, ಮುಂದಿನ ಬೆರಕಿ ಹಾಕವ್ವ. ಪಂಚಾಕ್ಷರಪ್ಪಾರ, ಇನ್ನ ಮ್ಯಾಲ ನಿಮ್ಮ ಪೂಜಿ ಭಟ್ಟಿ ಬಾಗಲಕ್ಕ ಅಷ್ಟ ಇರ್ಲಿ, ಇಟ್ಟಿಗಿಗಿ ಬ್ಯಾಡ."

ಪಂಚಾಕ್ಷರಪ್ಪನು ತಲೆ ಬಾಗಿಸಿ ಎರ್ರೆಮ್ಮನ ಎದುರು ನಿಂತ. "ತಪ್ಪಾತು, ತಂಗಿ. ಎಲ್ಲಾರ ಮುಂದ ಆಡಬಾರದ ಮಾತು ಆಡಿದೆ."

ಅವಳು ಅವನನ್ನು ನಿಟ್ಟಿಸಿ, ಬಾಗಿಲ ಬಳಿಯ ಅಲ್ಯೂಮಿನಾ ಚೀಲವನ್ನು ತೋರಿಸಿದಳು.

"ಆತು ಬಿಡ್ರಿ, ಅಣ್ಣಾರ. ಅದನ್ನ ಒಂದೀಟು ಎತ್ತಿ ಒಳಗ ತರ್ರಿ. ಆಗ ನಕ್ಕೋರು ಯಾರೂ ಎತ್ತಾಕ ಬರಂಗ ಕಾಣಂಗಿಲ್ಲ."

ಅವನು ನರಳುತ್ತ ಚೀಲವನ್ನು ಹೆಗಲಿಗೇರಿಸಿದ. ಎರ್ರೆಮ್ಮ ಮುಂದೆ ನಡೆದು ಬೆರಕೆಯ ಕೋಣೆಯ ಬಾಗಿಲನ್ನು ತೆರೆದು ಹಿಡಿದಳು.

"ಹಗೂರಕ ಬರ್ರಿ. ಹೊಸ್ತಿಲ ಐತಿ."